ಎತ್ತರದ ತಂಪು ನಾಡಿನ ವೈನ್: ಕಲಬುರಗಿಯ ಬಿಸಿಲಿನಲ್ಲಿ ಆಯ್ದುಕೊಳ್ಳುವ, ಕಾಪಾಡುವ, ಬಡಿಸುವ ಕ್ರಮ

ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವ ಊರಿನಲ್ಲಿ, ಬೇಸಿಗೆಯ ರಾತ್ರಿಯೂ ಸ್ವೆಟರ್ ಬೇಡುವ ಬೆಟ್ಟದ ಸೀಮೆಯ ವೈನ್ ಬಗ್ಗೆ ಬರೆಯುವುದಕ್ಕೆ ಒಂದು ನೇರ ಕಾರಣವಿದೆ. ಎತ್ತರದ ತಂಪು ದ್ರಾಕ್ಷಿಗೆ ಕೊಡುವ ಎರಡು ಗುಣಗಳು ಹುಳಿ ಮತ್ತು ಘಮ. ಬಾಟಲಿ ಬಿಸಿಯಲ್ಲಿ ನಿಂತರೆ ಘಮ ಹಾರಿಹೋಗುತ್ತದೆ. ಬಿಸಿಯಾಗಿಯೇ ಬಡಿಸಿದರೆ ಹುಳಿ ನಾಲಿಗೆಗೆ ತಿಳಿಯದಂತೆ ಮಸುಕಾಗುತ್ತದೆ. ಆದ್ದರಿಂದ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಮನೆಗಳಲ್ಲಿ ಇಂಥ ವೈನ್ ಕೊಳ್ಳುವವರು ಮಾಡಬೇಕಾದ ಕೆಲಸ ಅರ್ಧ ಅಂಗಡಿಯಲ್ಲಿದ್ದರೆ ಇನ್ನರ್ಧ ಮನೆಯಲ್ಲಿದೆ. ಬೆಂಗಳೂರಿನವರಿಗಾಗಿ ಅಥವಾ ಯುರೋಪಿನವರಿಗಾಗಿ ಬರೆದ ಸಲಹೆಗಳು ಈ ಎರಡನೆಯ ಅರ್ಧದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಉದಾಹರಣೆಗೆ ಮುಖ್ಯವಾಗಿ ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದ ಊಕೋ ಕಣಿವೆಯನ್ನು ತೆಗೆದುಕೊಂಡಿದ್ದೇನೆ. ಎತ್ತರ ಏನು ಮಾಡುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಒಂದು ಕಾರಣ. ಭಾರತದ ದೊಡ್ಡ ನಗರಗಳ ಅಂಗಡಿಗಳಲ್ಲಿ ಅರ್ಜೆಂಟೀನಾದ ಮಾಲ್ಬೆಕ್ ಎಂಬ ದ್ರಾಕ್ಷಿತಳಿಯ ಕೆಂಪು ವೈನ್ ಅಪರೂಪದ ವಸ್ತುವಲ್ಲ ಎಂಬುದು ಇನ್ನೊಂದು.

ಮೊದಲ ಹೆಜ್ಜೆ: ಎತ್ತರವನ್ನು ಅಕ್ಷಾಂಶದೊಂದಿಗೆ ಸೇರಿಸಿ ಓದುವುದು

ಸಮುದ್ರಮಟ್ಟದಿಂದ ಪ್ರತಿ 100 ಮೀಟರ್ ಮೇಲೇರಿದರೆ ಸರಾಸರಿ ತಾಪಮಾನ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲಿದೆ. ಈ ವ್ಯತ್ಯಾಸದಿಂದ ಸಿಗುವ ತಂಪು ಲೆಕ್ಕದ ಪ್ರಕಾರ ಒಂದು ಡಿಗ್ರಿಯ ಆಸುಪಾಸಿನದು. ಆದರೂ ಬೀದರಿನ ಸಂಜೆಗಾಳಿಯ ಹಿತ ಕಲಬುರಗಿಯವರಿಗೆ ಚೆನ್ನಾಗಿ ಗೊತ್ತು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದ್ದಕ್ಕೆ ಹೇಳುವ ಕಾರಣಗಳಲ್ಲಿ ಹವೆಯೂ ಒಂದು. ಒಂದು ಡಿಗ್ರಿಯನ್ನು ಮನುಷ್ಯನೇ ಗುರುತಿಸುತ್ತಾನೆ ಎಂದಾದರೆ, ಹಣ್ಣಾಗುವ ತಿಂಗಳುಗಳನ್ನೆಲ್ಲ ಬಯಲಿನಲ್ಲೇ ಕಳೆಯುವ ದ್ರಾಕ್ಷಿಗೊನೆಗೆ ಮೂರು ಅಥವಾ ನಾಲ್ಕು ಡಿಗ್ರಿ ಎಷ್ಟು ದೊಡ್ಡದೆಂದು ಊಹಿಸಬಹುದು. ಮೆಂಡೋಸಾ ನಗರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಊಕೋ ಕಣಿವೆಯ ತೋಟಗಳು ಹೆಚ್ಚಾಗಿ 900ರಿಂದ 1,500 ಮೀಟರಿನ ನಡುವೆ ಇವೆ, ಕೆಲವು ಅದಕ್ಕೂ ಮೇಲಿವೆ. 1,300 ಮೀಟರಿನ ತೋಟವೊಂದು ನಗರಕ್ಕಿಂತ ಮೂರು ಡಿಗ್ರಿಗೂ ಹೆಚ್ಚು ತಂಪಾಗಿರುತ್ತದೆ.

ಹಾಗೆಂದು ಬಾಟಲಿಗೆ ಅಂಟಿಸಿದ ಚೀಟಿಯ ಮೇಲಿನ ಮೀಟರುಗಳನ್ನು ಮಾತ್ರ ನೋಡಿ ಮರುಳಾಗಬಾರದು. ಸ್ವಿಟ್ಜರ್ಲೆಂಡಿನ ವಿಸ್ಪರ್‌ಟರ್ಮಿನೆನ್ ಎಂಬ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುವುದು 1,100 ಮೀಟರಿನ ಆಸುಪಾಸಿನವರೆಗೆ ಮಾತ್ರ, ಮತ್ತು ಯುರೋಪಿನಲ್ಲಿ ಅದೇ ಬಹಳ ಎತ್ತರ. ಅರ್ಜೆಂಟೀನಾದ ಉತ್ತರದ ಸಾಲ್ಟಾ ಪ್ರಾಂತ್ಯದಲ್ಲಿ ಕೊಲೊಮೆ ಸಂಸ್ಥೆಯ ಒಂದು ತೋಟ 3,111 ಮೀಟರ್ ಎತ್ತರದಲ್ಲಿದೆ. ಮೊದಲನೆಯದು ಭೂಮಧ್ಯರೇಖೆಯಿಂದ 46 ಡಿಗ್ರಿ ದೂರದಲ್ಲಿದೆ, ಎರಡನೆಯದು 25 ಡಿಗ್ರಿ ದೂರದಲ್ಲಿ. ರೇಖೆಗೆ ಹತ್ತಿರವಾದಷ್ಟೂ ಅದೇ ತಂಪಿಗಾಗಿ ಹೆಚ್ಚು ಮೇಲೆ ಹತ್ತಬೇಕು. ನಮ್ಮ ನಂದಿಬೆಟ್ಟದ ಸುತ್ತಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಅವು 13 ಡಿಗ್ರಿ ಅಕ್ಷಾಂಶದಲ್ಲಿವೆ. ಅಲ್ಲಿಯ ಚಳಿಗಾಲ ಬಳ್ಳಿಯನ್ನು ನಿದ್ದೆಗೆ ಕಳಿಸುವಷ್ಟು ಚಳಿಯದಲ್ಲ. ಊಕೋ 33 ಡಿಗ್ರಿಯ ಸುತ್ತಮುತ್ತ ಇದೆ, ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಎರಡೂ ಕಡೆ 900 ಮೀಟರ್ ಎಂದೇ ಬರೆದಿದ್ದರೂ ಎರಡೂ ಒಂದೇ ಅಲ್ಲ.

ಎರಡನೆಯ ಹೆಜ್ಜೆ: ತಂಪು ಹಣ್ಣಿನೊಳಗೆ ಏನು ಮಾಡುತ್ತದೆ ಎಂದು ತಿಳಿಯುವುದು

ಇದನ್ನು ಅರ್ಥಮಾಡಿಕೊಂಡರೆ ಮುಂದಿನ ಹೆಜ್ಜೆಗಳಲ್ಲಿ ಹೇಳುವ ಅರ್ಧದಷ್ಟನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ದ್ರಾಕ್ಷಿಯಲ್ಲಿ ಮುಖ್ಯವಾದ ಹುಳಿಗಳು ಎರಡು. ಒಂದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನಲ್ಲಿಯೂ ಹೇರಳವಾಗಿರುವುದು ಇದೇ. ಇನ್ನೊಂದು ಮ್ಯಾಲಿಕ್ ಆಮ್ಲ, ಹಸಿರು ಸೇಬಿನ ಹುಳಿ. ಟಾರ್ಟಾರಿಕ್ ಆಮ್ಲ ಬಿಸಿಲನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಹಣ್ಣು ಬಣ್ಣ ತಿರುಗಿದ ಮೇಲೆ ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬಳಸಿಕೊಳ್ಳಲು ಆರಂಭಿಸುತ್ತದೆ, ಮತ್ತು ಬಿಸಿ ಹೆಚ್ಚಿದಷ್ಟೂ ಆ ಬಳಕೆ ವೇಗವಾಗುತ್ತದೆ. ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಣ್ಣಗಾದರೆ ಈ ಖರ್ಚು ನಿಧಾನವಾಗುತ್ತದೆ. ರಾತ್ರಿಯೂ ಸೆಕೆಯಿದ್ದರೆ ಹುಳಿ ಹಗಲುರಾತ್ರಿ ಕರಗುತ್ತಲೇ ಇರುತ್ತದೆ. ಊಕೋ ಕಣಿವೆಯಲ್ಲಿ ಹಗಲಿನ ಮತ್ತು ರಾತ್ರಿಯ ತಾಪಮಾನಗಳ ಅಂತರ 15 ಡಿಗ್ರಿಯಷ್ಟಿರುವುದು ಸಾಮಾನ್ಯ. ಆದ್ದರಿಂದ ಹಗಲಿನ ಪ್ರಖರ ಬಿಸಿಲು ಸಕ್ಕರೆ ಕಟ್ಟುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ.

ಇಲ್ಲಿಂದ ಒಂದು ತಪ್ಪು ತಿಳಿವಳಿಕೆ ಬಗೆಹರಿಯುತ್ತದೆ. ತಂಪು ನಾಡಿನ ವೈನ್ ಎಂದರೆ ಮದ್ಯಸಾರ ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಜರ್ಮನಿಯ ನದಿದಂಡೆಗಳ ಮಟ್ಟಿಗೆ ಆ ಮಾತು ಬಹಳ ಕಾಲ ನಿಜವಾಗಿತ್ತು. ಆಂಡೀಸ್ ಬೆಟ್ಟಗಳ ತಪ್ಪಲಿಗೆ ಅದು ಸಲ್ಲುವುದಿಲ್ಲ. ಮೋಡವಿಲ್ಲದ ಆಕಾಶದಡಿ ಸಕ್ಕರೆ ಧಾರಾಳವಾಗಿ ಕೂಡುವುದರಿಂದ ಅಲ್ಲಿಯ ಮಾಲ್ಬೆಕ್‌ನಲ್ಲಿ ಶೇಕಡಾ 13.5ರಿಂದ 14.5ರಷ್ಟು ಮದ್ಯಸಾರವಿರುತ್ತದೆ. ಹುಳಿ ಚುರುಕಾಗಿರುವುದರಿಂದ ಅದು ಬಾಯಿಗೆ ಹಗುರವೆನ್ನಿಸುತ್ತದೆ, ಅಷ್ಟೇ. 750 ಮಿಲಿಲೀಟರಿನ ಬಾಟಲಿ 150 ಮಿಲಿಲೀಟರಿನ ಐದು ಲೋಟವಾಗುತ್ತದೆ ಎಂಬ ಲೆಕ್ಕದಲ್ಲಿ ಮನೆಗೆ ಬರುವವರ ಸಂಖ್ಯೆಯನ್ನು ನೋಡಿಕೊಳ್ಳಬೇಕು, ಗಾಡಿ ಓಡಿಸುವವರನ್ನು ಆ ಲೆಕ್ಕದಿಂದ ಹೊರಗಿಡಬೇಕು.

ಎತ್ತರದ ಇನ್ನೊಂದು ಪರಿಣಾಮ ಸಿಪ್ಪೆಯ ಮೇಲೆ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ, ಮತ್ತು ಹಣ್ಣು ತನ್ನ ಬೀಜವನ್ನು ಕಾಯಲು ಸಿಪ್ಪೆಯನ್ನು ದಪ್ಪ ಮಾಡಿಕೊಂಡು ಬಣ್ಣವನ್ನೂ ಒಗರನ್ನೂ ಹೆಚ್ಚಿಸಿಕೊಳ್ಳುತ್ತದೆ. ಎತ್ತರದ ಮಾಲ್ಬೆಕ್ ಲೋಟದಲ್ಲಿ ಆಚೆಬದಿ ಕಾಣದಷ್ಟು ಕಡುನೇರಳೆ ಬಣ್ಣದಲ್ಲಿರುವುದಕ್ಕೆ ಇದೂ ಕಾರಣ.

ನಮ್ಮ ನೆರೆಯ ದ್ರಾಕ್ಷಿಯೊಂದಿಗೆ ಹೋಲಿಸಿದರೆ ಈ ವಿಷಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ವಿಜಯಪುರದ ಮತ್ತು ಸೊಲ್ಲಾಪುರದ ತೋಟಗಳಲ್ಲಿ ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ಲು ನಡೆಯುತ್ತದೆ. ಊಕೋ ಕಣಿವೆಯಲ್ಲಿಯೂ ಕೊಯ್ಲು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ತಿಂಗಳು ಒಂದೇ, ಋತು ಬೇರೆ. ಅಲ್ಲಿ ಅದು ಬೇಸಿಗೆ ಮುಗಿದು ಶರತ್ಕಾಲ ಇಳಿಯುವ ಹೊತ್ತು, ಅಂದರೆ ಹಣ್ಣು ಮಾಗುತ್ತಾ ಹೋದಂತೆ ರಾತ್ರಿಗಳು ಇನ್ನಷ್ಟು ತಣ್ಣಗಾಗುತ್ತವೆ. ಇಲ್ಲಿ ಅದು ಚಳಿ ಮುಗಿದು ಬಿಸಿಲು ಏರುವ ಹೊತ್ತು, ಅಂದರೆ ಹಣ್ಣು ಮಾಗುತ್ತಾ ಹೋದಂತೆ ಬಿಸಿ ಹೆಚ್ಚುತ್ತದೆ. ನಮ್ಮಲ್ಲಿ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುವುದಿಲ್ಲವಾದ್ದರಿಂದ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತಾರೆ, ಬೇಸಿಗೆಯಲ್ಲಿ ಒಂದು, ಮಳೆಗಾಲ ಮುಗಿದ ಮೇಲೆ ಇನ್ನೊಂದು. ಆಮೇಲೆ ಬರುವ ಚಳಿಗಾಲವೇ ಇಲ್ಲಿಯ ದ್ರಾಕ್ಷಿಗೆ ಸಿಗುವ ತಂಪು. ಡೆಕ್ಕನ್ ಪ್ರಸ್ಥಭೂಮಿಯ ವೈನ್ ತಯಾರಕರ ಜಾಣತನವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವರು ಬೇರೆಯದೇ ಲೆಕ್ಕ ಬಿಡಿಸುತ್ತಿದ್ದಾರೆ, ಮತ್ತು ಬಿಸಿ ನಾಡುಗಳಲ್ಲೆಲ್ಲ ಕಳೆದುಹೋದ ಹುಳಿಯನ್ನು ಸರಿದೂಗಿಸಲು ಟಾರ್ಟಾರಿಕ್ ಆಮ್ಲ ಬೆರೆಸುವುದು ಒಪ್ಪಿತವಾದ ಪದ್ಧತಿ.

ಊಕೋ ಕಣಿವೆಯ ಬಗ್ಗೆ ತಿಳಿದಿರಬೇಕಾದಷ್ಟು

ಮೆಂಡೋಸಾ ನಗರದ ನೈಋತ್ಯಕ್ಕೆ, ತುಪುಂಗಾತೋ ಶಿಖರದ ತಪ್ಪಲಿನಲ್ಲಿ ಈ ಕಣಿವೆ ಚಾಚಿಕೊಂಡಿದೆ. ತುಪುಂಗಾತೋ, ತುನುಯಾನ್, ಸಾನ್ ಕಾರ್ಲೋಸ್ ಎಂಬ ಮೂರು ಆಡಳಿತ ವಿಭಾಗಗಳು ಇದರಲ್ಲಿವೆ. ಹಲವೆಡೆ ವರ್ಷದ ಮಳೆ 200ರಿಂದ 300 ಮಿಲಿಮೀಟರ್, ಅಂದರೆ ಕಲಬುರಗಿಯಲ್ಲಿ ಬೀಳುವುದರ ಅರ್ಧವೂ ಅಲ್ಲ. ತೋಟಗಳು ಬದುಕಿರುವುದು ಆಂಡೀಸ್‌ನ ಹಿಮ ಕರಗಿದ ನೀರಿನಿಂದ. ಮಳೆ ಕಡಿಮೆಯಾದ್ದರಿಂದ ಬೂಷ್ಟು ರೋಗದ ಕಾಟ ಕಡಿಮೆ. ಅದರ ಬದಲು ಆಲಿಕಲ್ಲು ಬೀಳುತ್ತದೆ, ಹಾಗಾಗಿ ಸಾಲುಗಳಿಗೆ ಬಲೆ ಹೊದಿಸಿರುವುದು ಅಲ್ಲಿ ಸಾಮಾನ್ಯ ನೋಟ. ವಸಂತದ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡುವ ಭಯವೂ ಇದೆ.

ಮಾಲ್ಬೆಕ್ ಮೂಲತಃ ನೈಋತ್ಯ ಫ್ರಾನ್ಸಿನ ತಳಿ. ಮಿಶೆಲ್ ಪೂಜೆ ಎಂಬ ಫ್ರೆಂಚ್ ಸಸ್ಯತಜ್ಞ 1853ರ ಸುಮಾರಿನಲ್ಲಿ ಅದನ್ನು ಮೆಂಡೋಸಾಕ್ಕೆ ತಂದ. ಆದರೆ ಅದು ಇಷ್ಟು ಎತ್ತರಕ್ಕೆ ಏರಿದ್ದು ತೀರ ಇತ್ತೀಚೆಗೆ. ನಿಕೋಲಾಸ್ ಕಾತೇನಾ ಎಂಬ ತಯಾರಕರು 1992ರಲ್ಲಿ ಗುವಾಲ್ತಯಾರಿ ಎಂಬಲ್ಲಿ ಸುಮಾರು 1,450 ಮೀಟರ್ ಎತ್ತರದಲ್ಲಿ ಆದ್ರಿಯಾನಾ ತೋಟ ಹಾಕಿದಾಗ ಅಷ್ಟು ಮೇಲೆ ಹಣ್ಣು ಮಾಗುವುದೇ ಇಲ್ಲವೆಂದು ಎಚ್ಚರಿಸಿದವರಿದ್ದರು. ಹಣ್ಣು ಮಾಗಿತು, ಹುಳಿಯನ್ನು ಉಳಿಸಿಕೊಂಡೇ ಮಾಗಿತು. ಆಮೇಲೆ ಉಳಿದವರೂ ಬೆಟ್ಟದತ್ತ ಮುಖ ಮಾಡಿದರು.

ಅಲ್ಲಿಯ ನೆಲದಲ್ಲಿ ಸುಣ್ಣದ ಪದರ ಹಿಡಿದ ಉರುಟು ಕಲ್ಲುಗಳಿವೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಓಡಾಡಿ ಬೆಳೆದ ನಮಗೆ ಸುಣ್ಣಕಲ್ಲು ಹೊಸದಲ್ಲ. ವೈನಿನಲ್ಲಿ ಕಲ್ಲಿನ ರುಚಿಯಿದೆ ಎಂಬ ವರ್ಣನೆಯನ್ನು ಮಾತ್ರ ಪೂರ್ತಿ ನಂಬಬೇಕಾಗಿಲ್ಲ. ಬೇರು ಕಲ್ಲನ್ನು ಹೀರಿ ಹಣ್ಣಿಗೆ ಅದರ ರುಚಿ ಕಳಿಸುವುದಿಲ್ಲ. ಆ ನೆಲ ಮಾಡುವ ನಿಜವಾದ ಉಪಕಾರವೆಂದರೆ ನೀರನ್ನು ಬೇಗ ಬಸಿದುಬಿಡುವುದು. ತೇವವನ್ನು ಬಿಗಿಹಿಡಿದು ತೊಗರಿಗೆ ಜೀವ ಕೊಡುವ ನಮ್ಮ ಎರೆಮಣ್ಣಿನ ಗುಣಕ್ಕೆ ಇದು ನೇರ ವಿರುದ್ಧ. ನೀರು ಸಾಲದ ಬಳ್ಳಿ ಸಣ್ಣ ಹಣ್ಣು ಬಿಡುತ್ತದೆ, ಸಣ್ಣ ಹಣ್ಣಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು.

ಮೂರನೆಯ ಹೆಜ್ಜೆ: ಚೀಟಿ ಓದುವುದು

ಚೀಟಿಯ ಮೇಲೆ ಮೆಂಡೋಸಾ ಎಂದಷ್ಟೇ ಇದ್ದರೆ ಹಣ್ಣು ಬಯಲಿನದೂ ಆಗಿರಬಹುದು, ಬೆಟ್ಟದ್ದೂ ಆಗಿರಬಹುದು. ವಾಲ್ಯೇ ದೆ ಊಕೋ ಎಂದಿದ್ದರೆ ಕಣಿವೆಯದು ಖಚಿತ. ಅದಕ್ಕಿಂತ ಕಿರಿದಾದ ಊರಿನ ಹೆಸರಿದ್ದರೆ ಇನ್ನೂ ಒಳ್ಳೆಯದು. ಸಾನ್ ಕಾರ್ಲೋಸ್ ವಿಭಾಗದ ಪರಾಹೆ ಆಲ್ತಾಮೀರಾ ಎಂಬ ಪ್ರದೇಶಕ್ಕೆ 2013ರಲ್ಲಿ ಪ್ರತ್ಯೇಕ ಭೌಗೋಳಿಕ ಮಾನ್ಯತೆ ದೊರೆತಿದೆ. ಹಲವು ಬಾಟಲಿಗಳ ಹಿಂಬದಿಯಲ್ಲಿ ಒಂದು ಸಂಖ್ಯೆ ಮತ್ತು ಅದರ ಮುಂದೆ ಎಂ, ಎಸ್, ಎನ್, ಎಂ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಅದು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂಬುದರ ಸ್ಪ್ಯಾನಿಷ್ ಸಂಕ್ಷೇಪ. ಸ್ಪ್ಯಾನಿಷ್ ಬರಹದಲ್ಲಿ ಸಾವಿರದ ಸ್ಥಾನಕ್ಕೆ ಅಲ್ಪವಿರಾಮದ ಬದಲು ಚುಕ್ಕೆ ಹಾಕುತ್ತಾರಾದ್ದರಿಂದ 1.300 ಎಂದರೆ ಒಂದು ಸಾವಿರದ ಮುನ್ನೂರು, ಒಂದೂವರೆಯ ಹತ್ತಿರದ ದಶಮಾಂಶವಲ್ಲ.

ರಿಸರ್ವಾ ಎಂಬ ಪದ ಅರ್ಜೆಂಟೀನಾದಲ್ಲಿ ಕೆಂಪು ವೈನಿಗೆ ಕನಿಷ್ಠ ಒಂದು ವರ್ಷ ಮಾಗಿಸಿದ್ದನ್ನು ಹೇಳುತ್ತದೆಯೇ ಹೊರತು ಎತ್ತರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸಬರು ಎತ್ತರದ ಗುಣವನ್ನು ಕಾಣಬೇಕೆಂದಿದ್ದರೆ ಹೊಸ ಓಕ್ ಪೀಪಾಯಿಯಲ್ಲಿ ಬಹಳ ಕಾಲ ಇಟ್ಟ ದುಬಾರಿ ಬಾಟಲಿಗಿಂತ, ಪೀಪಾಯಿಯ ಪ್ರಭಾವ ಕಡಿಮೆಯಿರುವ ಮಧ್ಯಮ ಬೆಲೆಯ ಬಾಟಲಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊಗೆ ಮತ್ತು ವೆನಿಲಾದ ವಾಸನೆಯಡಿ ಬೆಟ್ಟದ ಘಮ ಹೂತುಹೋಗುತ್ತದೆ.

ಬಿಳಿ ವೈನ್ ಬೇಕೆನ್ನುವವರು ಸಾಲ್ಟಾದ ತೊರ್ರೊಂತೆಸ್ ಹುಡುಕಬೇಕು. ಅದರ ನೆಲೆಯಾದ ಕಫಾಯಾತೆ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮೂಗಿಗೆ ಅದು ಮಲ್ಲಿಗೆ, ಗುಲಾಬಿ, ಕಿತ್ತಳೆಸಿಪ್ಪೆ. ಸಿಹಿಯಾಗಿರುತ್ತದೆಂದು ಬಾಯಿಗಿಟ್ಟವರಿಗೆ ಸಿಹಿಯಿಲ್ಲದ ಚುರುಕು ಹುಳಿ ಎದುರಾಗುತ್ತದೆ. ಅಲೆಕ್ಸಾಂಡ್ರಿಯಾ ಮಸ್ಕಟ್ ತಳಿ ಅದರ ಹೆತ್ತವರಲ್ಲಿ ಒಂದಾದ್ದರಿಂದ ಆ ಹೂವಿನ ಘಮ ವಂಶದಿಂದ ಬಂದದ್ದು. ಅರ್ಜೆಂಟೀನಾದ್ದು ಸಿಗದಿದ್ದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಆರೆಂಜ್ ಪ್ರದೇಶದ ಹೆಸರನ್ನು ನೋಡಬಹುದು. 600 ಮೀಟರಿಗಿಂತ ಕೆಳಗಿನ ಹಣ್ಣಿಗೆ ಆ ಹೆಸರು ಹಾಕುವಂತೆಯೇ ಇಲ್ಲ, ಏಕೆಂದರೆ ಆ ಪ್ರದೇಶದ ಗಡಿಯನ್ನೇ ಎತ್ತರದ ಮೇಲೆ ಗೊತ್ತುಮಾಡಿದ್ದಾರೆ. ಕನೋಬೊಲಾಸ್ ಎಂಬ ಆರಿದ ಜ್ವಾಲಾಮುಖಿಯ ಇಳಿಜಾರಿನಲ್ಲಿ ಬೆಳೆಯುವ ಅಲ್ಲಿಯ ಶಾರ್ಡೊನೆ ಮತ್ತು ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್‌ಗಳು ಹೆಸರು ಮಾಡಿವೆ.

ಬೆಲೆಯ ಬಗ್ಗೆ ಒಂದು ಮಾತು. ಭಾರತ ಆಮದು ವೈನಿನ ಮೇಲೆ ಬಹುಕಾಲದಿಂದ ವಿಧಿಸುತ್ತ ಬಂದ ಸುಂಕ ಶೇಕಡಾ 150. ಆಸ್ಟ್ರೇಲಿಯಾದೊಂದಿಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಯಾದಾಗ ಬಾಟಲಿಗೆ 5 ಅಮೆರಿಕನ್ ಡಾಲರಿಗಿಂತ ಹೆಚ್ಚಿನ ಬೆಲೆಯವಕ್ಕೆ ಅದು ಶೇಕಡಾ 100ಕ್ಕೂ, 15 ಡಾಲರಿಗಿಂತ ಹೆಚ್ಚಿನವಕ್ಕೆ ಶೇಕಡಾ 75ಕ್ಕೂ ಇಳಿಯಿತು, ಮುಂದೆ ಹಂತಹಂತವಾಗಿ ಇಳಿಯುವಂತೆಯೂ ಗೊತ್ತಾಯಿತು. ಇದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಬೇರೆ.

ನಾಲ್ಕನೆಯ ಹೆಜ್ಜೆ: ಯಾವಾಗ ಕೊಳ್ಳಬೇಕು, ಹೇಗೆ ತರಬೇಕು

ಕಲಬುರಗಿಯ ಹೆಚ್ಚಿನ ಅಂಗಡಿಗಳು ಹೆಸರಿಗೆ ವೈನ್ ಶಾಪ್, ಕಪಾಟಿನ ತುಂಬ ವಿಸ್ಕಿ. ಆಮದು ಬಾಟಲಿ ಕಂಡರೂ ಅದು ಎಷ್ಟು ಬೇಸಿಗೆಗಳನ್ನು ಅಲ್ಲಿಯೇ ಕಳೆದಿದೆ ಎಂಬುದು ಮುಖ್ಯ. ಹಾಗಾಗಿ ಮೊದಲು ಸುಗ್ಗಿಯ ವರ್ಷ ನೋಡಿ, ಹಿಂಬದಿಯಲ್ಲಿ ಆಮದುದಾರರು ಅಂಟಿಸಿದ ಚೀಟಿ ಓದಿ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ವೈನಿನ ಮಟ್ಟ ಕುತ್ತಿಗೆಯಲ್ಲಿಯೇ ಇರಬೇಕು, ಭುಜಕ್ಕೆ ಇಳಿದಿರಬಾರದು. ಬಿರಡೆ ಮೇಲೆ ಉಬ್ಬಿದ್ದರೆ ಅಥವಾ ಕುತ್ತಿಗೆಯ ಸುತ್ತ ಅಂಟುಅಂಟಾದ ಕಲೆಯಿದ್ದರೆ ಒಳಗಿನದು ಬಿಸಿಗೆ ಹಿಗ್ಗಿ ಹೊರಗೆ ಒಸರಿದೆ ಎಂದರ್ಥ. ಎಷ್ಟೇ ರಿಯಾಯಿತಿ ಕೊಟ್ಟರೂ ಅದನ್ನು ತರಬೇಡಿ. ಕಿಟಕಿಯ ಬಿಸಿಲಿಗೆ ಒಡ್ಡಿದ ಬಾಟಲಿಯೂ ಬೇಡ. ತಿರುಗಣಿ ಮುಚ್ಚಳದ ಬಾಟಲಿ ಕಂಡರೆ ಅಗ್ಗದ್ದೆಂದು ಹಿಂದೆ ಸರಿಯಬೇಡಿ, ನಮ್ಮ ಒಣಹವೆಗೆ ಅದೇ ವಾಸಿ.

ಕೊಳ್ಳಲು ತಕ್ಕ ಕಾಲವೆಂದರೆ ದೀಪಾವಳಿ ಕಳೆದ ನಂತರ, ಎಳ್ಳಮವಾಸ್ಯೆಯ ಚಳಿ ಮುಗಿಯುವುದರೊಳಗೆ. ಬೆಂಗಳೂರಿನಿಂದ ತರುವವರು ರಾತ್ರಿ ಪ್ರಯಾಣ ಮಾಡಿದರೆ ಒಳ್ಳೆಯದು; ಹಗಲಿನಲ್ಲಿ ತರುವುದಾದರೆ ಬಾಟಲಿ ಕಾರಿನ ಡಿಕ್ಕಿಯಲ್ಲಿರಬಾರದು, ಏಸಿ ತಗಲುವ ಸೀಟಿನ ಕೆಳಗಿರಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಮುಚ್ಚಿದ ಡಿಕ್ಕಿಯಲ್ಲಿ ಉಳಿದ ವೈನ್ ಬೇಯಿಸಿದ ಹಣ್ಣಿನ ವಾಸನೆ ಹಿಡಿಯುತ್ತದೆ, ಮತ್ತೆ ತಣ್ಣಗೆ ಮಾಡಿದರೂ ಅದು ಹೋಗುವುದಿಲ್ಲ. ಹೈದರಾಬಾದ್ ನಮಗೆ ಹತ್ತಿರವೆಂಬುದು ನಿಜ, ಆದರೆ ಮದ್ಯವನ್ನು ರಾಜ್ಯದ ಗಡಿ ದಾಟಿಸುವುದಕ್ಕೆ ಅಬಕಾರಿ ನಿಯಮಗಳಿವೆ. ಅವನ್ನು ವಿಚಾರಿಸಿಕೊಳ್ಳದೆ ತರಬಾರದು.

ಐದನೆಯ ಹೆಜ್ಜೆ: ಮನೆಯಲ್ಲಿ ಇಡುವ ಜಾಗ

ವೈನಿಗೆ ಹಿತವಾದ ತಾಪಮಾನ 12ರಿಂದ 15 ಡಿಗ್ರಿ. ನಮ್ಮಲ್ಲಿ ನೆಲಮಾಳಿಗೆಯಿಲ್ಲದ ಮನೆಯಲ್ಲಿ ಇದು ಕನಸಿನ ಮಾತು. ದಪ್ಪಗೋಡೆಯ ಹಳೆಯ ಕಲ್ಲುಮನೆಯ ಒಳಕೋಣೆ ಫೆಬ್ರುವರಿಯವರೆಗೆ ಸಾಕು. ಆರ್‌ಸಿಸಿ ಮನೆಯ ಮೇಲಿನ ಮಹಡಿ, ಅಡುಗೆಮನೆಯ ಅಟ್ಟ, ಫ್ರಿಜ್ಜಿನ ತಲೆಯ ಮೇಲೆ, ಇನ್ವರ್ಟರ್ ಬ್ಯಾಟರಿಯ ಪಕ್ಕ, ಇವು ಎಂದಿಗೂ ಬೇಡ. ಮಾರ್ಚ್ ಬಂತೆಂದರೆ ಕೆಂಪಾಗಲಿ ಬಿಳಿಯಾಗಲಿ ಫ್ರಿಜ್ಜಿನ ತರಕಾರಿ ಡಬ್ಬಿಗೆ ಸೇರಲಿ. ಫ್ರಿಜ್ಜಿನ ಒಣಗಾಳಿಗೆ ಬಿರಡೆ ಕುಗ್ಗುತ್ತದೆ ಎಂಬ ಆಕ್ಷೇಪವಿದೆ. ಅದು ವರ್ಷಗಟ್ಟಲೆ ಇಡುವವರ ಚಿಂತೆ, ಕೆಲವು ತಿಂಗಳಿಗೆ ಅದರಿಂದ ತೊಂದರೆಯಿಲ್ಲ. ಬಿರಡೆಯ ಬಾಟಲಿಯನ್ನು ಮಲಗಿಸಿ ಇಟ್ಟರೆ ಸಾಕು. ಹೀಗಿಟ್ಟ ಬಿಳಿ ವೈನಿನ ತಳದಲ್ಲಿ ಹರಳುಗಳು ಕಂಡರೆ ಅವು ಗಾಜಿನ ಚೂರಲ್ಲ. ಚಳಿಗೆ ಗಟ್ಟಿಯಾದ ಟಾರ್ಟಾರಿಕ್ ಲವಣ, ಆರೋಗ್ಯಕ್ಕೆ ಹಾನಿಯಿಲ್ಲ.

ಹತ್ತು ವರ್ಷ ಇಟ್ಟು ಮಾಗಿಸುವ ಆಸೆಯಿದ್ದವರು ವೈನಿಗೆಂದೇ ಮಾಡಿದ ಫ್ರಿಜ್ ಕೊಳ್ಳಬೇಕು. ಉಳಿದವರು ಆ ವರ್ಷ ತಂದದ್ದನ್ನು ಆ ವರ್ಷವೇ ಕುಡಿಯುವುದು ಲೇಸು.

ಆರನೆಯ ಹೆಜ್ಜೆ: ತಣಿಸುವುದು

ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಬಡಿಸಬೇಕೆಂಬ ಮಾತು ಹುಟ್ಟಿದ್ದು ಕೋಣೆಗಳೇ 16–18 ಡಿಗ್ರಿ ಇರುತ್ತಿದ್ದ ದೇಶಗಳಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 34 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ, ಒಳ್ಳೆಯ ಊಕೋ ಮಾಲ್ಬೆಕ್ ಕೂಡ ಜಡವಾಗಿ ತೋರುತ್ತದೆ. ಮಾಲ್ಬೆಕ್‌ಗೆ 15ರಿಂದ 17 ಡಿಗ್ರಿ, ತೊರ್ರೊಂತೆಸ್‌ಗೆ 8ರಿಂದ 10 ಡಿಗ್ರಿ ಸರಿಯಾದದ್ದು.

ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ ಎಂಬ ಪರದೇಶದ ಸಲಹೆ ಇಲ್ಲಿ ಸಾಲದು. 34 ಡಿಗ್ರಿಯ ಬಾಟಲಿ ಫ್ರಿಜ್ಜಿನಲ್ಲಿ 16 ಡಿಗ್ರಿಗೆ ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕು. ಅವಸರವಿದ್ದರೆ ಬಕೆಟ್ಟಿಗೆ ಮಂಜುಗಡ್ಡೆಯೊಂದಿಗೆ ನೀರನ್ನೂ ಕುತ್ತಿಗೆಯ ಮಟ್ಟಕ್ಕೆ ಹಾಕಿ ಬಾಟಲಿ ಮುಳುಗಿಸಿ. ಬರಿಯ ಮಂಜುಗಡ್ಡೆ ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ನೀರು ಎಲ್ಲೆಡೆ ಮುಟ್ಟುತ್ತದೆ. ಒಂದು ಹಿಡಿ ಉಪ್ಪು ಸೇರಿಸಿದರೆ ನೀರು ಇನ್ನೂ ತಣ್ಣಗಾಗುತ್ತದೆ. ಕೆಂಪಿಗೆ ಇಪ್ಪತ್ತು ನಿಮಿಷದ ಒಳಗೆ, ಬಿಳಿಗೆ ಅರ್ಧ ಗಂಟೆಯ ಒಳಗೆ ಕೆಲಸವಾಗುತ್ತದೆ. ಕರೆಂಟ್ ಹೋಗಿ ಮಂಜುಗಡ್ಡೆಯೂ ಇಲ್ಲದಿದ್ದಾಗ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ಬೇಸಿಗೆಯ ಒಣಗಾಳಿ ಮಡಕೆಯ ನೀರನ್ನು ತಣ್ಣಗಿಡುವ ರೀತಿಯಲ್ಲಿಯೇ ಬಾಟಲಿಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ಫಲಿಸುವುದಿಲ್ಲ.

ಲೋಟಕ್ಕೆ ಸ್ವಲ್ಪಸ್ವಲ್ಪವೇ ಸುರಿಯಿರಿ, ಉಳಿದದ್ದು ತಣ್ಣೀರಿನಲ್ಲಿಯೇ ಇರಲಿ. ವೈನಿನೊಳಗೇ ಮಂಜುಗಡ್ಡೆ ಹಾಕುವುದು ಅಪರಾಧವೇನಲ್ಲ, ಆದರೆ ಅಷ್ಟು ದುಡ್ಡು ಕೊಟ್ಟು ತಂದ ಹುಳಿಯನ್ನು ನೀರಿನಿಂದ ತೆಳುಮಾಡಿದಂತಾಗುತ್ತದೆ.

ಏಳನೆಯ ಹೆಜ್ಜೆ: ಎತ್ತರವನ್ನು ಬಾಯಲ್ಲಿ ಗುರುತಿಸುವುದು

ಒಂದೇ ಬಾಟಲಿಯಿಂದ ಇದು ತಿಳಿಯುವುದಿಲ್ಲ, ಎರಡು ಬೇಕು. ನಾಲ್ಕಾರು ಸ್ನೇಹಿತರು ಸೇರಿ ಊಕೋ ಕಣಿವೆಯ ಮಾಲ್ಬೆಕ್ ಒಂದನ್ನು, ಚೀಟಿಯಲ್ಲಿ ಮೆಂಡೋಸಾ ಎಂದಷ್ಟೇ ಇರುವ ಮಾಲ್ಬೆಕ್ ಇನ್ನೊಂದನ್ನು ತಂದು, ಎರಡನ್ನೂ ಒಂದೇ ತಾಪಮಾನಕ್ಕೆ ತಣಿಸಿ, ಕಾಗದ ಸುತ್ತಿ, ಯಾವುದು ಯಾವುದೆಂದು ಹೇಳದೆ ಬಡಿಸಬೇಕು. ಮೊದಲು ವಾಸನೆ: ಬೆಟ್ಟದ್ದರಲ್ಲಿ ಹೂವಿನ ಘಮ ಮೇಲಿರುತ್ತದೆ, ಹಣ್ಣು ತಾಜಾ, ಬಯಲಿನದರಲ್ಲಿ ಹಣ್ಣು ಮುರಬ್ಬದ ಕಡೆಗೆ ವಾಲುತ್ತದೆ. ನುಂಗಿದ ಮೇಲೆ ದವಡೆಯ ಎರಡೂ ಬದಿ ಎಷ್ಟು ಹೊತ್ತು ನೀರೂರುತ್ತದೆ ಎಂಬುದನ್ನು ಗಮನಿಸಿ. ಅದೇ ಹುಳಿಯ ಅಳತೆ, ಮತ್ತು ಇದಕ್ಕಿಂತ ನಂಬಲರ್ಹವಾದ ಗುರುತು ಬೇರೆಯಿಲ್ಲ. ಒಸಡನ್ನು ಬಿಗಿಹಿಡಿಯುವುದು ಒಗರು, ಅದು ಬೇರೆ. ಎತ್ತರದ ವೈನಿನಲ್ಲಿ ಎರಡೂ ಹೆಚ್ಚಿರುವುದರಿಂದ ಮೊದಲ ಸಲ ಅವನ್ನು ಬೆರೆಸಿಬಿಡುವುದು ಸಹಜ. ಮೂರನೆಯ ಲೋಟವಾಗಿ ನಂದಿ ಅಥವಾ ನಾಸಿಕದ ಕೆಂಪು ವೈನ್ ಸೇರಿಸಿಕೊಂಡರೆ ಅಕ್ಷಾಂಶದ ಪಾಠವೂ ಅಲ್ಲಿಯೇ ಆಗುತ್ತದೆ.

ಎಂಟನೆಯ ಹೆಜ್ಜೆ: ನಮ್ಮ ಊಟದೊಂದಿಗೆ

ಮೆಣಸಿನ ಖಾರ ಮತ್ತು ಮದ್ಯಸಾರ ಒಂದನ್ನೊಂದು ಕೆರಳಿಸುತ್ತವೆ. ಒಗರು ಸೇರಿದರೆ ಉರಿ ಇನ್ನೂ ಹೆಚ್ಚು. ಕೆಂಪು ಖಾರದ ಜೊತೆ ರೊಟ್ಟಿ ಮುರಿಯುವಾಗ ಶೇಕಡಾ 14ರ ಮಾಲ್ಬೆಕ್ ಕುಡಿದರೆ ಊಟವೂ ಕೆಡುತ್ತದೆ, ವೈನೂ ಕೆಡುತ್ತದೆ. ಅಲ್ಲಿ ತಣ್ಣನೆಯ ತೊರ್ರೊಂತೆಸ್ ಒಳಿತು. ಪುಂಡಿಪಲ್ಯದ ಕಥೆ ಇನ್ನೂ ಸ್ವಾರಸ್ಯಕರ. ಹುಳಿ ಅಡುಗೆಯ ಪಕ್ಕದಲ್ಲಿ ಅದಕ್ಕಿಂತ ಕಡಿಮೆ ಹುಳಿಯ ವೈನ್ ಸಪ್ಪೆಯಾಗಿಬಿಡುತ್ತದೆ. ಪುಂಡಿಯ ಹುಳಿಗೆ ಸಮನಾಗಿ ನಿಲ್ಲುವ ಶಕ್ತಿಯಿರುವುದು ತಂಪು ನಾಡಿನ ಬಿಳಿ ವೈನಿಗೆ ಮಾತ್ರ. ಆರೆಂಜ್ ಪ್ರದೇಶದ ಸೊವಿನ್ಯೋನ್ ಬ್ಲಾಂಕ್, ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ, ಇದನ್ನು ನಾನು ಯಾವ ಚೀಸ್ ತಟ್ಟೆಗಿಂತಲೂ ಮೇಲಿಡುತ್ತೇನೆ.

ಮಾಲ್ಬೆಕ್‌ನ ಒಗರಿಗೆ ಕೊಬ್ಬು ಬೇಕು. ಖಾರ ಹದವಾಗಿ ಹಾಕಿದ ಮಟನ್ ತಹರಿ, ಕೆಂಡದ ಮೇಲೆ ಸುಟ್ಟ ಮಾಂಸ, ಇವು ಅದಕ್ಕೆ ಹೊಂದುತ್ತವೆ. ಶಾಕಾಹಾರಿಗಳಿಗೆ ಶೇಂಗಾ ತುಂಬಿದ ಎಣ್ಣೆಗಾಯಿ ಬದನೆಕಾಯಿ ಅದೇ ಕೆಲಸ ಮಾಡುತ್ತದೆ, ಶೇಂಗಾದ ಎಣ್ಣೆಯಂಶ ಒಗರನ್ನು ಮೆತ್ತಗೆ ಮಾಡುತ್ತದೆ. ಹುಣಸೆಯನ್ನು ಮಾತ್ರ ಕಡಿಮೆ ಮಾಡಬೇಕು. ಮಾಲ್ಪುರಿಯ ಹೊತ್ತಿಗೆ ಲೋಟ ಖಾಲಿಯಾಗಿರಲಿ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಬರಿಯ ಹುಳಿ ನೀರು.

ತೆರೆದ ಬಾಟಲಿ ಉಳಿದರೆ ಅದೇ ಮುಚ್ಚಳ ಬಿಗಿದು ಕೂಡಲೇ ಫ್ರಿಜ್ಜಿಗೆ ಸೇರಿಸಿ. ಹುಳಿ ಚೆನ್ನಾಗಿರುವ ವೈನ್ ತೆರೆದ ಮೇಲೆ ಮೂರು ನಾಲ್ಕು ದಿನ ತಾಳುತ್ತದೆ, ಕೆಂಪು ವೈನಿಗೂ ಇದೇ ಕ್ರಮ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆಯವರೆಗೂ ತುಂಬಿ ಇಟ್ಟರೆ ಗಾಳಿಗೆ ಜಾಗವಿಲ್ಲದೆ ಇನ್ನೂ ಎರಡು ದಿನ ಹೆಚ್ಚು ಬರುತ್ತದೆ.